ಫ್ಲೋಸಿಯ ಅಳತೆಗೆ ಹೊಲಿದ ರಾಗ

ನಮ್ಮ ಇಗರ್ಜಿಯ ಸ್ಮರಣ ಸಂಚಿಕೆಯಲ್ಲಿ ನನ್ನ ಗಂಡನ ಬಗ್ಗೆ ಅರ್ಧ ಪುಟ ಬಂದಿದೆ. ಬರೆದವರು ನಮ್ಮ ಇಗರ್ಜಿ ವಾರ್ಡಿನ ಮುಖ್ಯಸ್ಥರಾದ ಗುರಿಕಾರರು. "ಶ್ರೀ ಸೆವ್ರಿನ್ ಲೋಬೊ ಮಿತಭಾಷಿ, ವೃತ್ತಿಯಲ್ಲಿ ದರ್ಜಿ, ದಶಕಗಳಿಂದ ಇಗರ್ಜಿಯ ಆರ್ಗನ್ ವಾದಕರು. ಮಾತೆ ಮರಿಯಮ್ಮನ ಮೇಲಿನ ಅಪಾರ ಭಕ್ತಿಯಿಂದ 'ದೊಂಗ್ರಾವಯ್ಲೆ ಮಾಯೆ' ಗೀತೆಗೆ ರಾಗ ಕಟ್ಟಿದವರು" ಎಂದು ಶುರುವಾಗುತ್ತದೆ. ಮಿತಭಾಷಿ ಎನ್ನುವುದು ಅಪ್ಪಟ ಸತ್ಯ. ಈ ಮನುಷ್ಯನ ಬಾಯಿಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಕೈಗೆ ಹತ್ತಿದ ಹಲಸಿನ ಮೇಣ ಬಿಡಿಸುವುದು ಸುಲಭ. ದರ್ಜಿ ಎನ್ನುವುದೂ ಸತ್ಯ. ಭಕ್ತಿಯ ವಿಷಯದಲ್ಲಿ ಮಾತ್ರ ಗುರಿಕಾರರು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಆ ರಾಗ ಯಾರಿಗಾಗಿ ಹುಟ್ಟಿತು ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ತಿಳಿದವರಿಲ್ಲ. ಕೇಳಲಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ. ನಮ್ಮ ಮನೆಮಾತು ಕೊಂಕಣಿ. ಆದರೆ ನಾನು ಅಂಗನವಾಡಿ ಟೀಚರ್, ಕನ್ನಡದಲ್ಲಿ ಜಗಳವಾಡಿ ಸಾಕಷ್ಟು ಅಭ್ಯಾಸವಾಗಿದೆ.

ಇವರು ಹುಟ್ಟಿದ್ದು ಕಾಣಿಯೂರಿನ ಹತ್ತಿರ, ಸ್ವಂತ ಗದ್ದೆಯಿಲ್ಲದ ಮನೆಯಲ್ಲಿ. ಏಳನೆಯ ತರಗತಿ ಮುಗಿಸಿ ಕಬಕದಲ್ಲಿ ಕುಂಞಿ ಮೋನು ಎಂಬ ಟೈಲರ್ ಹತ್ತಿರ ಕೆಲಸಕ್ಕೆ ಸೇರಿದರು. ಕುಂಞಿ ಮೋನು ಅವರಿಗೆ ಒಂದು ಹಟವಿತ್ತು. ಟೇಪು ಕೊರಳಲ್ಲಿ ನೇತಾಡುತ್ತಿದ್ದರೂ ಗಿರಾಕಿ ಹೊಸ್ತಿಲು ದಾಟಿ ಒಳಗೆ ಬರುವಷ್ಟರಲ್ಲಿ ಕಣ್ಣಿನಲ್ಲೇ ಅಳತೆ ಮುಗಿದಿರಬೇಕು. "ಟೇಪು ಇರುದು ಗಿರಾಕಿಯ ಸಮಾಧಾನಕ್ಕೆ ಮಾರಾಯ" ಎನ್ನುತ್ತಿದ್ದರಂತೆ. ಆ ಪಾಠ ಇವರಿಗೆ ಎಷ್ಟು ಹತ್ತಿತು ಎಂದರೆ, ನನ್ನನ್ನು ನೋಡಲು ಬಂದ ದಿನ ಒಂದು ಮಾತೂ ಆಡದೆ ಚಹಾ ಕುಡಿದು ಹೋದವರು ಮದುವೆಗೆ ಕಳುಹಿಸಿದ ರವಿಕೆ ನನ್ನ ಮೈಗೆ ಅಚ್ಚು ಹಾಕಿದಂತೆ ಕೂತಿತು. ನನ್ನ ಅಮ್ಮನಿಗೆ ಅದು ಸ್ವಲ್ಪ ಸಂಶಯಕ್ಕೂ ಕಾರಣವಾಗಿತ್ತು.

ಆರ್ಗನ್ ಇವರ ಕೈಗೆ ಬಂದದ್ದೂ ಸೂಜಿಯಿಂದಲೇ. ಆಗ ನಮ್ಮ ಇಗರ್ಜಿಯಲ್ಲಿ ಇದ್ದದ್ದು ಕಾಲಿನಿಂದ ತುಳಿಯುವ ಹಳೆಯ ಹಾರ್ಮೋನಿಯಂ. ಅದರ ತಿದಿ ಹರಿದು ಗಾಳಿ ಸೋರುತ್ತಿತ್ತು. ಫಾದರ್ ಹೇಳಿ ಕಳಿಸಿದರು, ಇವರು ದಪ್ಪ ದಾರ ಹಿಡಿದುಕೊಂಡು ಹೋಗಿ ತೇಪೆ ಹಾಕಿದರು. ಗಾಳಿ ನಿಂತಿತೋ ಇಲ್ಲವೋ ನೋಡಲು ಕಾಲು ತುಳಿದು ಒಂದು ಸ್ವರದ ಮನೆ ಒತ್ತಿದರು, ಇನ್ನೊಂದು ಒತ್ತಿದರು, ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಲಿಲ್ಲ. ಆಗಿನ ವಾದಕರು ಜುವಾಂವ್ ಮೇಸ್ತ್ರಿ, ವಯಸ್ಸಾದವರು. ಹೊಲಿಗೆ ಮೆಷಿನ್ ತುಳಿದು ಪಳಗಿದ ಕಾಲು ನೋಡಿ ಅವರಿಗೆ ಖುಷಿಯಾಗಿ, ವಾರಕ್ಕೊಂದೆರಡು ಸಂಜೆ ಕೂರಿಸಿಕೊಂಡು ಕಲಿಸಿದರು. ಸ್ವರಲಿಪಿ ಓದಲು ಇವರಿಗೆ ಇವತ್ತಿಗೂ ಬರುವುದಿಲ್ಲ. ಕಿವಿಗೆ ಬಿದ್ದದ್ದು ಬೆರಳಿಗೆ ಬರುತ್ತದೆ, ಅಷ್ಟೇ. ಮೇಸ್ತ್ರಿಯವರ ಕಣ್ಣು ಮಂಜಾದ ಮೇಲೆ ಆ ಕುರ್ಚಿ ಇವರದಾಯಿತು.

ನಾನು ಸುಳ್ಯದ ಕಡೆಯವಳು. ಆರ್ಗನ್ ನುಡಿಸುವ ಹುಡುಗ ಎಂದು ಕೇಳಿದಾಗ ನನಗೆ ಖುಷಿಯಾದಷ್ಟೇ ಹೆದರಿಕೆಯೂ ಆಯಿತು. ನನ್ನ ಸ್ವರ ಗಂಡಸಿನ ಹಾಗೆ ದಪ್ಪ. ಶಾಲೆಯಲ್ಲಿದ್ದಾಗ ಹಾಡು ಕಲಿಸುವ ಸಿಸ್ಟರ್ ಎಲ್ಲರ ಎದುರು, "ಕಾರ್ಮಿನ್, ನೀನು ತುಟಿ ಮಾತ್ರ ಆಡಿಸು" ಎಂದಿದ್ದರು. ಅಂದಿನಿಂದ ಇಗರ್ಜಿಯಲ್ಲಿ ನಾನು ತುಟಿ ಮಾತ್ರ ಆಡಿಸಿದವಳು. ಮನೆಯಲ್ಲಿ ಸಂಜೆಯ ತೇರ್ಸು, ಎಂದರೆ ಜಪಮಾಲೆ ಪ್ರಾರ್ಥನೆ ಮುಗಿದ ಮೇಲೆ ಒಂದು ಹಾಡು ಹೇಳಬೇಕಲ್ಲ, ಅಲ್ಲಿ ಮಾತ್ರ ಹೇಳುತ್ತಿದ್ದೆ. ಅಲ್ಲಿ ಕೇಳುವವರು ದೇವರು ಮತ್ತು ಇವರು, ಇಬ್ಬರೂ ಎದುರು ಮಾತಾಡುವವರಲ್ಲ.

ಮದುವೆಯಾದ ಮರುವರ್ಷ ಇಗರ್ಜಿಯ ಗುಡ್ಡದ ತುದಿಯಲ್ಲಿ ಮಾತೆಗೆ ಗ್ರೊಟ್ಟೊ, ಎಂದರೆ ಕಲ್ಲಿನ ಗವಿಯಂಥ ಗುಡಿ ಕಟ್ಟಿದರು. ಆಗಿದ್ದ ಫಾದರ್ ಕೊಂಕಣಿಯಲ್ಲಿ ಒಂದು ಹಾಡು ಬರೆದರು, 'ದೊಂಗ್ರಾವಯ್ಲೆ ಮಾಯೆ', ಗುಡ್ಡದ ಮೇಲಿನ ತಾಯಿಯೇ ಎಂದು. ರಾಗ ಹಾಕುವ ಕೆಲಸ ಇವರಿಗೆ ಬಂತು. ನಾನು ಆಗ ಮಗಳು ಜೋವಿಟಾಳನ್ನು ಹೊತ್ತ ಬಸುರಿ. ತಿಂದದ್ದು ನಿಲ್ಲುತ್ತಿರಲಿಲ್ಲ, ಚಾಪೆಯಲ್ಲೇ ಮಲಗಿರುತ್ತಿದ್ದೆ. ಎರಡು ಮಾತು ಆಡದ ಗಂಡ ಬಾವಿಯಿಂದ ನೀರು ಸೇದುವಾಗ, ಬಟ್ಟೆ ಕತ್ತರಿಸುವಾಗ ಗುನುಗಲು ಶುರು ಮಾಡಿದರು. ಮೊದಲು ನೆಲದಲ್ಲೇ ನಡೆಯುವ ರಾಗ, ಮೂರನೆಯ ಸಾಲಿಗೆ ಬಂದಾಗ ಗುಡ್ಡ ಹತ್ತಿದ ಹಾಗೆ ಏರಿ 'ಮಾಯೆ' ಎನ್ನುವಲ್ಲಿ ನಿಲ್ಲುತ್ತಿತ್ತು. ಆ ಜಾಗದಲ್ಲಿ ಇವರ ಸ್ವರ ಸಾಲದೆ ಬರೀ ಗಾಳಿ ಬರುತ್ತಿತ್ತು. ಹೊಟ್ಟೆಯಲ್ಲಿರುವ ಮಗುವಿಗೆ ಕೇಳಲಿ ಎಂದು, ನನಗೆ ಕೇಳಲಿ ಎಂದು ಗುನುಗುತ್ತಿದ್ದಾರೆ ಎಂದುಕೊಂಡಿದ್ದೆ. ಹೊಸ ಮದುಮಗಳ ಬುದ್ಧಿ ಎಷ್ಟಿರುತ್ತದೆ.

ಗ್ರೊಟ್ಟೊದ ಆಶೀರ್ವಾದದ ದಿನ ಇಗರ್ಜಿಯ ಪೂಜೆಯಲ್ಲಿ ಹಾರ್ಮೋನಿಯಂ ಪಕ್ಕದಲ್ಲಿ ಫ್ಲೋಸಿ ನಿಂತಿದ್ದಳು. ಕೆಳಗಿನ ಮನೆಯವರ ಮಗಳು, ಪಿಯುಸಿ ಓದುತ್ತಿದ್ದಳು, ತೆಳ್ಳಗೆ, ಆಕಾಶ ಬಣ್ಣದ ಫ್ರಾಕು. ಫ್ರಾಕು ಹೊಲಿದದ್ದು ಯಾರೆಂದು ಹೇಳಬೇಕಾಗಿಲ್ಲ. ಹಾಡು ಶುರುವಾಯಿತು. ಮೂರನೆಯ ಸಾಲಿನಲ್ಲಿ ಅವಳು ಏರಿದಳು, 'ಮಾಯೆ' ಎಂದು ಅಲ್ಲಿ ನಿಂತಳು, ಆಯಾಸವೇ ಇಲ್ಲ. ಬೆಂಚುಗಳಲ್ಲಿ ಕೂತವರೆಲ್ಲ ತಲೆ ತಿರುಗಿಸಿ ನೋಡಿದರು. ನಾನು ಬಾಯಿಯೊಳಗೇ ಪ್ರಯತ್ನಿಸಿದೆ, ಅರ್ಧ ದಾರಿಯಲ್ಲೇ ಉಸಿರು ಕಟ್ಟಿತು. ನನ್ನ ಎಡಬದಿಯವಳಿಗೂ ಆಗಲಿಲ್ಲ, ಬಲಬದಿಯವಳಿಗೂ ಆಗಲಿಲ್ಲ. ಇಡೀ ಇಗರ್ಜಿಯಲ್ಲಿ ಆ ಎತ್ತರಕ್ಕೆ ಹೋಗಿ ಸುಖವಾಗಿ ಇಳಿದು ಬರಬಲ್ಲವಳು ಒಬ್ಬಳೇ. ಅಳತೆ ತಪ್ಪದ ದರ್ಜಿಯ ಕೈಯಿಂದ ಇಂಥದ್ದು ಅಕಸ್ಮಾತ್ತಾಗಿ ಆಗುತ್ತದೆಯೇ? ಆ ರಾಗ ಅವಳ ಗಂಟಲಿನ ಅಳತೆಗೆ ಹೊಲಿದದ್ದು ಎಂದು ನನಗೆ ಅಲ್ಲಿ ಕೂತಲ್ಲೇ ತಿಳಿಯಿತು. ಹೊಟ್ಟೆಯಲ್ಲಿ ಮಗು ಇದ್ದ ಜಾಗದಲ್ಲೇ ಕಿಚ್ಚೂ ಹತ್ತಿತು.

ನ್ಯಾಯವಾಗಿ ಹೇಳಬೇಕು. ಇವರಿಗೂ ಅವಳಿಗೂ ನಡುವೆ ಏನೂ ಇರಲಿಲ್ಲ. ಅಭ್ಯಾಸಕ್ಕೆ ಬರುವಾಗ ಅವಳ ತಾಯಿ ಜೊತೆಗಿರುತ್ತಿದ್ದಳು, ಇವರು ತಲೆ ಎತ್ತಿ ನೋಡುತ್ತಿರಲಿಲ್ಲ. ಕಷ್ಟವಾದದ್ದೇ ಅದು. ಏನಾದರೂ ಇದ್ದಿದ್ದರೆ ಜಗಳಕ್ಕೆ ಒಂದು ಹಿಡಿ ಸಿಗುತ್ತಿತ್ತು. ತವರಿಗೆ ಹೋಗಿ ಕೂರಬಹುದಿತ್ತು, ಫಾದರ್ ಹತ್ತಿರ ದೂರು ಹೇಳಬಹುದಿತ್ತು. ರಾಗದ ಜುಟ್ಟು ಹಿಡಿದು ಎಳೆಯಲು ಆಗುತ್ತದೆಯೇ? ಒಮ್ಮೆ ನನ್ನ ತಂಗಿಗೆ ಹೇಳಿದೆ. ಅವಳು ನಕ್ಕು, "ನಿನ್ನ ಗಂಡ ಕುಡಿಯುದಿಲ್ಲ, ಹೊಡೆಯುದಿಲ್ಲ. ಹಾಡಿನ ಮೇಲೆ ಹೊಟ್ಟೆಕಿಚ್ಚು ಪಡುವವಳು ನೀನೊಬ್ಬಳೇ" ಎಂದಳು. ಆ ಮೇಲೆ ಯಾರಿಗೂ ಹೇಳಲಿಲ್ಲ.

ಎರಡು ವರ್ಷ ಕಳೆದು ಫ್ಲೋಸಿಗೆ ಮದುವೆಯಾಯಿತು. ಗಂಡ ಕುವೈತಿನಲ್ಲಿದ್ದವನು, ಅವಳೂ ಹೋದಳು. ಅವಳನ್ನು ಕಳುಹಿಸಿ ಬಂದ ಸಂಜೆ ನಾನು ಗುಡ್ಡ ಹತ್ತಿ ಗ್ರೊಟ್ಟೊದಲ್ಲಿ ದೊಡ್ಡ ಮೊಂಬತ್ತಿ ಹಚ್ಚಿದೆ. ಮಾತೆಗೆ ಕಾರಣ ಹೇಳಲಿಲ್ಲ, ಅವಳಿಗೆ ಗೊತ್ತಿರುತ್ತದೆ.

ಅವಳು ಹೋದಳು, ರಾಗ ಹೋಗಲಿಲ್ಲ. ಹೋಗುವುದಿರಲಿ, ಕೆಳಗೂ ಇಳಿಯಲಿಲ್ಲ. ಪ್ರತಿ ಹಬ್ಬಕ್ಕೆ, ತಿಂಗಳ ಮೊದಲ ಶನಿವಾರಕ್ಕೆ, ಇವರು ಅದನ್ನು ಅದೇ ಎತ್ತರದಲ್ಲಿ ನುಡಿಸುತ್ತಿದ್ದರು. ಗಂಡಸರು ಕೆಳಗಿನ ಸ್ವರಕ್ಕೆ ಬಿದ್ದು ಗೊಣಗುತ್ತಿದ್ದರು. ಹೆಂಗಸರು ಎರಡು ಸಾಲು ಹಾಡಿ ಮೂರನೆಯ ಸಾಲು ಬರುವಾಗ ಸೆರಗು ಸರಿಮಾಡಿಕೊಳ್ಳುತ್ತಿದ್ದರು. 'ಮಾಯೆ' ಎನ್ನುವ ಜಾಗದಲ್ಲಿ ಬರೀ ಹಾರ್ಮೋನಿಯಂ ಕೇಳುತ್ತಿತ್ತು. ಮನೆಯ ಜಗಲಿಯಲ್ಲಿ ಒಬ್ಬರಿಗೆಂದೇ ಇಟ್ಟು, ಬೇರೆ ಯಾರನ್ನೂ ಕೂರಲು ಬಿಡದ ಕುರ್ಚಿಯ ಹಾಗೆ ಆ ಜಾಗ ಖಾಲಿಯಿರುತ್ತಿತ್ತು. ನಾನು ಪ್ರತಿ ಸಲ ಆ ಖಾಲಿ ಕುರ್ಚಿಯಲ್ಲಿ ಅವಳನ್ನು ನೋಡುತ್ತಿದ್ದೆ.

ರಾಗಕ್ಕೆ ಕಾಲು ಬಂದಿತ್ತು. ಪುತ್ತೂರಿನ ಕಡೆ ಹಾಡಿದರು, ಸುಳ್ಯದ ಕಡೆ ಹಾಡಿದರು. ನನ್ನ ಚಿಕ್ಕಮ್ಮನ ಮಗನ ಮದುವೆಗೆ ಪುತ್ತೂರಿಗೆ ಹೋದಾಗ ಅಲ್ಲಿ ಇದೇ ಹಾಡು. ಅಲ್ಲಿನ ಹುಡುಗ ಅದನ್ನು ಇಳಿಸಿ ನುಡಿಸಿದ, ಇಡೀ ಜನ ಬಾಯಿ ತುಂಬ ಹಾಡಿದರು, ಮುದುಕಿಯರೂ ಸೇರಿ. ಬಸ್ಸಿನಲ್ಲಿ ಬರುವಾಗ ನಾನು ಇವರಿಗೆ ಹೇಳಿದೆ.

"ಅಲ್ಲಿ ಇಳಿಸಿ ನುಡಿಸಿದರು. ಎಷ್ಟು ಚಂದ ಆಯ್ತು. ನೀವೂ ಹಾಗೆ ಮಾಡಿ."

"ಇಳಿಸಿದರೆ ಅದು ಬೇರೆ ಹಾಡು."

"ಅಷ್ಟು ಮೇಲೆ ಜನರಿಗೆ ಮುಟ್ಟುದಿಲ್ಲ ಅಲ್ಲವಾ ನಮ್ಮಲ್ಲಿ?"

"ಬೆರಳು ಎಲ್ಲಾ ಬೇರೆ ಮನೆಗೆ ಹೋಗ್ತದೆ. ಹೊಸದಾಗಿ ಕಲಿಬೇಕು" ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು. ಇವರ ಮಟ್ಟಿಗೆ ಅದು ಭಾಷಣ.

ಜೋವಿಟಾಳ ಮದುವೆ ನಿಶ್ಚಯವಾದಾಗ ನಾನು ಮತ್ತೆ ಕೇಳಿದೆ. ಮದುಮಗಳಿಗೆ ಉಡಿಸುವ ಕೆಂಪು ಸೀರೆಯ ರವಿಕೆಯನ್ನು ಇವರು ಹೊಲಿಯುತ್ತಿದ್ದರು. ಮದುವೆಯ ಪೂಜೆಯಲ್ಲಿ ಆ ಹಾಡು ಇರಲಿ, ಆದರೆ ಕೆಳಗಿನಿಂದ ಇರಲಿ, ಮಗಳ ಮದುವೆಗೆ ಎಲ್ಲರೂ ಹಾಡಲಿ ಎಂದೆ. ಬಾಯಿಯಲ್ಲಿ ಸೂಜಿ ಕಚ್ಚಿಕೊಂಡೇ ತಲೆ ಅಲ್ಲಾಡಿಸಿದರು. ಹೌದೋ ಅಲ್ಲವೋ ತಿಳಿಯಲಿಲ್ಲ. ಸೂಜಿ ತೆಗೆದು, "ಇಳಿಸಿದರೆ ಸಾಯ್ತದೆ" ಎಂದರು. ಮದುವೆಯ ದಿನ ಹಾಡು ಅದೇ ಎತ್ತರದಲ್ಲಿ ಬಂತು. ಮೂರನೆಯ ಸಾಲಿಗೆ ಮಗಳು ಬೆಂಚಿನಲ್ಲಿ ಬೆವರು ಒರೆಸಿಕೊಂಡಳು. ಸ್ವಂತ ಮಗಳ ಮದುವೆಯಲ್ಲೂ ಆ ಕುರ್ಚಿ ಫ್ಲೋಸಿಗೇ ಮೀಸಲು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ಸಂಸಾರ ಮಾಡಿದವಳು ನಾನು.

ಹಾರ್ಮೋನಿಯಂ ಕೊನೆಗೆ ತೇಪೆಗೂ ನಿಲ್ಲದಾಯಿತು. ಒಂದು ಆದಿತ್ಯವಾರ ಪೂಜೆಯ ಕೊನೆಗೆ ಫಾದರ್ ಪ್ರಕಟಣೆ ಓದಿದರು. ಇಗರ್ಜಿಗೆ ಹೊಸ ಕೀಬೋರ್ಡ್ ಬರುತ್ತದೆ, ದಾನ ಮಾಡಿದವರು ಕುವೈತಿನಲ್ಲಿರುವ ನಮ್ಮ ಫ್ಲೋಸಿ ಬಾಯಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ತಟ್ಟದಿದ್ದರೆ ಪಕ್ಕದವರು ನೋಡುತ್ತಾರೆ. ಇಷ್ಟು ವರ್ಷ ಇವರ ಬೆರಳಲ್ಲಿ ಅವಳ ಸ್ವರ ಇತ್ತು, ಇನ್ನು ಬೆರಳ ಕೆಳಗೂ ಅವಳದೇ ಪೆಟ್ಟಿಗೆ.

ಅದನ್ನು ಜೋಡಿಸಲು ಕಬಕದಿಂದ ನೌಷಾದ್ ಎನ್ನುವ ಹುಡುಗ ಬಂದಿದ್ದ, ಮೈಕ್ ಸೆಟ್ಟಿನ ಕೆಲಸದವನು. ನಾನು ಅವನಿಗೆ ಚಹಾ ತೆಗೆದುಕೊಂಡು ಹೋದೆ. ಅವನು ಒಂದು ಬಟನ್ ತೋರಿಸಿದ.

"ಬಾಯಮ್ಮ, ಇದು ನೋಡಿ, ಇದು ಒತ್ತಿದರೆ ಇಡೀ ಪೆಟ್ಟಿಗೆ ಒಂದು ಮನೆ ಇಳಿತದೆ. ಎಷ್ಟು ಸಲ ಒತ್ತುತ್ತೀರೋ ಅಷ್ಟು ಮನೆ ಕೆಳಗೆ. ನಿಮ್ಮ ಪೊರ್ಬುಗಳು ಬೆರಳು ಬದಲಿಸುದು ಬೇಡ, ಅಲ್ಲೇ ನುಡಿಸಿದರೆ ಆಯ್ತು."

"ಏನೂ ಹೊಸದಾಗಿ ಕಲಿಯುದು ಬೇಡವಾ?"

"ಎಂತದ್ದೂ ಬೇಡ. ಆಫ್ ಮಾಡಿದರೆ ಪುನಃ ಮೊದಲಿನ ಹಾಗೆ."

ನನಗೆ ಅವನ ತಲೆ ಸವರಬೇಕು ಅನಿಸಿತು. ಮನೆಗೆ ಹೋಗಿ ಇವರಿಗೆ ಹೇಳಿದೆ. "ಗೊತ್ತುಂಟು, ನನಗೂ ತೋರಿಸಿದ" ಎಂದರು. ಮೊದಲ ಶನಿವಾರ ಬಂತು. ಇವರು ಆ ಬಟನ್ ಕಡೆ ನೋಡಲೂ ಇಲ್ಲ. ಹಾಡು ಅದೇ ಎತ್ತರದಿಂದ ಹೋಯಿತು. ಬೆರಳಿನ ನೆಪ ಇದ್ದಷ್ಟು ದಿನ ನನಗೊಂದು ಸಮಾಧಾನವಿತ್ತು, ಈಗ ಅದೂ ಹೋಯಿತು. ಆಗುವುದಿಲ್ಲ ಎನ್ನುವುದು ಬೇರೆ, ಮನಸ್ಸಿಲ್ಲ ಎನ್ನುವುದು ಬೇರೆ. ನಾನು ಇವರ ಹತ್ತಿರ ಮಾತು ಬಿಟ್ಟೆ. ಮಾತಾಡದ ಮನುಷ್ಯನ ಹತ್ತಿರ ಮಾತು ಬಿಟ್ಟರೆ ನಷ್ಟ ಯಾರಿಗೆ? ಇವರಿಗೆ ತಿಳಿಯುವಷ್ಟರಲ್ಲಿ ನನಗೇ ಸಾಕಾಗಿ ಮತ್ತೆ ಶುರು ಮಾಡಿದೆ.

ಹೋದ ವರ್ಷ ಮೊಂತಿ ಹಬ್ಬಕ್ಕೆ ಫ್ಲೋಸಿ ಬಂದಳು. ಮಾತೆಯ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ, ನಮ್ಮವರು ಎಲ್ಲಿದ್ದರೂ ಬರುವ ಹಬ್ಬ. ಅವಳ ಗಂಡ ತೀರಿಕೊಂಡು ಆಗಲೇ ಕೆಲವು ವರ್ಷ, ಮಕ್ಕಳು ಅಲ್ಲೇ ಕೆಲಸದಲ್ಲಿದ್ದರು. ಈ ಸಲ ಹಬ್ಬದ ಪೂಜೆಯಲ್ಲಿ 'ದೊಂಗ್ರಾವಯ್ಲೆ ಮಾಯೆ'ಯನ್ನು ಮೊದಲು ಹಾಡಿದವರೇ ಹಾಡುತ್ತಾರೆ ಎಂದು ಫಾದರ್ ಮೊದಲೇ ಹೇಳಿಬಿಟ್ಟಿದ್ದರು. ಹಬ್ಬದ ಮುನ್ನಾ ದಿನ ಸಂಜೆ ಅವಳು ನಮ್ಮ ಮನೆಗೆ ಬಂದಳು. ನಾನು ಒಳ್ಳೆಯ ಕಪ್ಪುಗಳನ್ನು ತೆಗೆದೆ. ಬಡವರು ಎಂದು ಅನಿಸಬಾರದು.

"ಕಾರ್ಮಿನ್ ಬಾಯಿ, ಹೇಗಿದ್ದೀರಿ?" ಎಂದಳು.

ನನ್ನ ಕೈಯ ಕಪ್ಪು ಹಾಗೇ ನಿಂತಿತು. ಅದು ಅವಳ ಸ್ವರವಲ್ಲ. ಹುರಿಯುವ ಬಾಣಲೆಯಲ್ಲಿ ಮರಳು ತಿರುವಿದ ಹಾಗೆ ಒರಟು ಒರಟು.

"ಕುತ್ತಿಗೆಯಲ್ಲಿ ಗಡ್ಡೆ ಇತ್ತು, ತೆಗೆದರು" ಎಂದು ಅವಳೇ ಹೇಳಿದಳು. "ಜೀವ ಉಳಿತು, ಸ್ವರ ಇಳಿತು. ಫಾದರ್ ಅಷ್ಟು ಆಸೆಯಿಂದ ಹೇಳಿದ್ದಾರೆ, ಇಲ್ಲ ಹೇಳ್ಲಿಕ್ಕೆ ಮನಸ್ಸು ಬರಲಿಲ್ಲ. ಅಷ್ಟು ಮೇಲೆ ನನಗೆ ಇನ್ನು ಮುಟ್ಟುದಿಲ್ಲ. ಎಂತ ಮಾಡುದು ಸೆವ್ರಿನಾಬ್?"

ಇವರು ಚಹಾ ಕುಡಿದು ಮುಗಿಸಿದರು. "ನೋಡುವ" ಎಂದರು. ಅಷ್ಟೇ.

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಬರೆಯಲಿ? ಅವಳ ಗಡ್ಡೆಗೆ ಸಂತೋಷಪಡಲಿಲ್ಲ, ದೇವರು ನೋಡಿಕೊಳ್ಳಲಿ. ಆದರೆ ಆ ಸ್ವರ ಇಳಿದದ್ದಕ್ಕೆ ಸಂತೋಷವಾಯಿತು. ನಾಳೆ ಎರಡರಲ್ಲಿ ಒಂದು ಆಗಲೇಬೇಕು. ಇವರು ಇಳಿಸಲಿಲ್ಲ ಎಂದರೆ ಮೂರನೆಯ ಸಾಲಿನಲ್ಲಿ ಅವಳು ಊರಿನ ಎದುರು ಒಡೆಯುತ್ತಾಳೆ, ರಾಗಕ್ಕೂ ಅವಳಿಗೂ ಇದ್ದ ನಂಟು ಅಲ್ಲಿಗೆ ಮುಗಿಯುತ್ತದೆ. ಇಳಿಸಿದರೋ, ಮಗಳ ಮದುವೆಗೆ ಸಾಯುತ್ತಿದ್ದ ರಾಗ ಫ್ಲೋಸಿಗಾಗಿ ಹೇಗೆ ಬದುಕಿತು ಎಂದು ಇವರೇ ನನಗೆ ಹೇಳಬೇಕಾಗುತ್ತದೆ. ಇಳಿಸುವುದಿಲ್ಲ ಎಂದೇ ನಾನು ನಂಬಿದ್ದೆ. ಅಷ್ಟು ವರ್ಷದ ಹಟ ಒಂದು ಕಪ್ ಚಹಾಕ್ಕೆ ಕರಗುತ್ತದೆಯೇ?

ಬೆಳಿಗ್ಗೆ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಉಟ್ಟೆ. ಕೀಬೋರ್ಡು ಕಾಣುವ ಪಕ್ಕದ ಬೆಂಚಿನಲ್ಲಿ ಮೊದಲೇ ಹೋಗಿ ಕೂತೆ. ಮಕ್ಕಳು ಹೂವಿನ ಬುಟ್ಟಿ ಹಿಡಿದು ಬಂದರು, ತೆನೆಗೆ ಆಶೀರ್ವಾದವಾಯಿತು, ಪೂಜೆ ನಡೆಯಿತು. ಪ್ರಸಾದ ಸ್ವೀಕಾರ ಮುಗಿದ ಮೇಲೆ ಫ್ಲೋಸಿ ಮೈಕಿನ ಮುಂದೆ ಬಂದು ನಿಂತಳು.

ಇವರು ಅವಳ ಕಡೆ ನೋಡಲಿಲ್ಲ. ಕೈ ಚಾಚಿ ಬಟನ್ ಒತ್ತಿದರು. ಒಂದು, ಎರಡು, ಮೂರು.

ರಾಗ ಮೂರು ಮನೆ ಕೆಳಗಿನಿಂದ ಎದ್ದಿತು. ಗಾಯನ ಮಂಡಳಿಯ ಹುಡುಗಿಯರು ಮುಖ ಮುಖ ನೋಡಿಕೊಂಡರು. ಫ್ಲೋಸಿ ಹಾಡಿದಳು, ಒರಟಾಗಿ, ಮೆಲ್ಲಗೆ, ಆದರೆ 'ಮಾಯೆ' ಎನ್ನುವಲ್ಲಿಗೆ ಹೋಗಿ ಮುಟ್ಟಿದಳು. ಅವಳ ಹಿಂದೆ ಇಡೀ ಇಗರ್ಜಿ ಹಾಡಿತು. ಮುಂದಿನ ಬೆಂಚಿನ ಮುದುಕಿಯರು ಕಣ್ಣು ಒರೆಸಿಕೊಂಡರು. ನಾನೂ ಬಾಯಿ ತೆರೆದೆ, ಮೂರನೆಯ ಸಾಲಿನ ತುದಿಯಲ್ಲಿ ನನ್ನ ಗಂಟಲು ಗೀರಿತು, ಬಾಯಿ ಮುಚ್ಚಿದೆ. ಇಳಿಸಿದ ಮೇಲೂ ಅದು ಅವಳದೇ ಅಳತೆ. ನನ್ನ ಕಣ್ಣಲ್ಲೂ ನೀರು ಬಂತು, ಪಕ್ಕದವಳು ಭಕ್ತಿ ಎಂದುಕೊಂಡಿರಬೇಕು.

ಹಬ್ಬದ ಊಟ ಎಂದರೆ ಹೊಸ ಅಕ್ಕಿಯ ಕಾಳು ಹಾಕಿದ ತೆಂಗಿನ ಹಾಲು, ತರಕಾರಿಯ ಪದಾರ್ಥಗಳು. ಜೋವಿಟಾ ಗಂಡನ ಮನೆಯಲ್ಲಿದ್ದಳು, ನಾವಿಬ್ಬರೇ. ನಾನು ಇವರ ಎಲೆಗೆ ಬಡಿಸಿ ನನ್ನ ಎಲೆಯ ಮುಂದೆ ಕೂತೆ. ತಿನ್ನಲಿಲ್ಲ.

"ಆ ರಾಗ ಅವಳಿಗಾಗಿ ಮಾಡಿದ್ದಾ?" ಎಂದು ಕೇಳಿದೆ. ಮದುವೆಯಾದ ಮೇಲೆ ಅದನ್ನು ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು.

"ಹೌದು" ಎಂದರು.

ಒಂದು ಸುಳ್ಳು ಹೇಳಲೂ ಬರದ ಗಂಡ. ಮಾತೆಗಾಗಿ ಎನ್ನಬಹುದಿತ್ತು, ಗುರಿಕಾರರಂತೂ ಅದನ್ನೇ ಬರೆದಿದ್ದಾರೆ.

"ಹಾಡುವವಳು ಅವಳು ಇದ್ದದ್ದು" ಎಂದರು. "ಹಾಕುವವರ ಅಳತೆಗೇ ಹೊಲಿಯುದು."

"ಮಗಳ ಮದುವೆಗೆ ಇಳಿಸಿದರೆ ಸಾಯ್ತದೆ ಹೇಳಿದ್ರಿ. ಇವತ್ತು ಯಾಕೆ ಸಾಯಲಿಲ್ಲ?"

"ಅವಳು ನನಗೆ ಮುಟ್ಟುದಿಲ್ಲ ಹೇಳಿದಳು."

"ನಾನು ಮೊದಲಿಂದ ಹೇಳ್ತಾ ಉಂಟು."

"ನೀನು ಜನರಿಗೆ ಮುಟ್ಟುದಿಲ್ಲ ಅಂತ ಹೇಳಿದ್ದು. ಜನ ಅಂದರೆ ಯಾರು? ಜನರ ಅಳತೆ ಅಂತ ಒಂದು ಉಂಟಾ? ನಿನಗೆ ಮುಟ್ಟುದಿಲ್ಲ ಅಂತ ಒಂದು ದಿನ ಹೇಳಿದ್ದೀಯಾ?"

"ನನಗೆ ಹಾಡ್ಲಿಕ್ಕೆ ಬರುದಿಲ್ಲ ಅಂತ ಊರಿಗೇ ಗೊತ್ತುಂಟು."

"ತೇರ್ಸಿಗೆ ದಿನಾ ಹಾಡುದು ಯಾರು ಮತ್ತೆ?"

ಇಷ್ಟು ಮಾತು ಇವರು ಒಂದೇ ಊಟದಲ್ಲಿ ಆಡಿದ್ದು ನನಗೆ ನೆನಪಿಲ್ಲ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ, ಹೆಚ್ಚಾಯಿತು. ತಪ್ಪನ್ನು ತಿರುಗಿಸಿ ನನ್ನ ತಲೆಗೇ ಕಟ್ಟಿದ್ದರು. ಹೆಂಡತಿಯೂ ಗಿರಾಕಿಯ ಹಾಗೆ ಬಂದು ಕೇಳಬೇಕೇ? ಫ್ಲೋಸಿಗಾದರೆ ಕೇಳುವ ಮೊದಲೇ ಹೊಲಿದು ಕೊಟ್ಟಿದ್ದರಲ್ಲ.

"ಹಾಗಾದರೆ ನನಗೆ ಹೊಲಿದದ್ದು ಯಾವುದು?" ಎಂದೆ.

ಇವರು ಎಲೆ ಮಡಚಿ ಎದ್ದು ಕೈ ತೊಳೆಯಲು ಹೋದರು. ಆ ಸಂಜೆ ತೇರ್ಸು ಮುಗಿದ ಮೇಲೆ ನಾನು ಹಾಡಲಿಲ್ಲ. ವಾರವಿಡೀ ಹಾಡಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಇವರು ಸ್ವಲ್ಪ ಹೊತ್ತು ಕಾದು ಕೂತಿದ್ದು, ಮತ್ತೆ ಎದ್ದು ಮೆಷಿನ್ ಹತ್ತಿರ ಹೋಗುತ್ತಿದ್ದರು.

ಆದಿತ್ಯವಾರ ಇಗರ್ಜಿಗೆ ಹೋಗುವುದೇ ಬೇಡ ಎಂದುಕೊಂಡಿದ್ದೆ. ಅಭ್ಯಾಸ ಎಳೆದುಕೊಂಡು ಹೋಯಿತು. ಫ್ಲೋಸಿ ಕಾಣಲಿಲ್ಲ. ಜಾಲ್ಸೂರಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಳೆ, ಅಲ್ಲಿಂದಲೇ ಕುವೈತಿಗೆ ಎಂದು ಯಾರೋ ಹೇಳಿದರು. ಪೂಜೆಯ ಕೊನೆಗೆ ಫಾದರ್ ಇವತ್ತೂ ಅದೇ ಹಾಡು ಇರಲಿ, ಹಬ್ಬದ ದಿನ ಎಷ್ಟು ಚಂದವಾಯಿತು ಎಂದರು. ನಾನು ಕೂತಲ್ಲಿಂದ ಇವರ ಕೈಯನ್ನೇ ನೋಡಿದೆ. ಅವಳಿಲ್ಲ. ಇನ್ನು ಹಳೆಯ ಎತ್ತರಕ್ಕೇ ಹೋಗುತ್ತಾರೆ, ಕುರ್ಚಿ ಮತ್ತೆ ಖಾಲಿ ಎಂದುಕೊಂಡೆ.

ಇವರ ಬೆರಳು ಬಟನ್ ಮೇಲೆ ಹೋಯಿತು. ಒಂದು, ಎರಡು, ಮೂರು. ಸರಿ, ಇನ್ನು ಮುಂದೆ ಅವಳ ಹೊಸ ಸ್ವರಕ್ಕೆ ಮೀಸಲು ಎಂದು ನಾನು ಮುಖ ತಿರುಗಿಸುವವಳಿದ್ದೆ. ಬೆರಳು ಎದ್ದಿರಲಿಲ್ಲ. ನಾಲ್ಕು, ಐದು.

ರಾಗ ಶುರುವಾದಾಗ ಇಗರ್ಜಿಗೆ ಗುರುತೇ ಸಿಗಲಿಲ್ಲ. ಮೊದಲ ಸಾಲೇ ಅಷ್ಟು ಕೆಳಗೆ. ಗಾಯನ ಮಂಡಳಿಯ ಹುಡುಗಿಯರ ಸ್ವರ ಮಣ್ಣಿಗೆ ಹತ್ತಿ ಮಾಯವಾಯಿತು, ಗಂಡಸರು ಕೆಮ್ಮಿದರು. ಜನರ ಅಳತೆಯಲ್ಲ ಅದು, ಯಾರಿಗೂ ಸರಿಹೊಂದುವುದಿಲ್ಲ. ನಾನು ಬಾಯಿ ತೆರೆದೆ. ಮೊದಲ ಸಾಲು ಬಂತು, ಎರಡನೆಯದು ಬಂತು. ಮೂರನೆಯ ಸಾಲಿನಲ್ಲಿ ರಾಗ ಏರಿತು, ನಾನೂ ಏರಿದೆ, 'ಮಾಯೆ' ಎನ್ನುವಲ್ಲಿ ಹೋಗಿ ನಿಂತೆ. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ. ಮುಂದಿನ ಬೆಂಚಿನವರು ಹೆಂಗಸರ ಕಡೆ ಯಾವ ಗಂಡಸು ಬಂದು ಕೂತಿದ್ದಾನೆ ಎಂದು ತಿರುಗಿ ನೋಡಿದರು.

ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಸಿಟ್ಟೂ ಬಂತು. ಐದು ಎಂದು ಇವರಿಗೆ ಗೊತ್ತಿತ್ತಲ್ಲ. ಹುಡುಕಲಿಲ್ಲ, ತಡವರಿಸಲಿಲ್ಲ, ನೇರ ಐದಕ್ಕೆ ಬಂದು ನಿಂತರು. ಎಷ್ಟು ವರ್ಷದಿಂದ ಗೊತ್ತಿತ್ತೋ ಏನೋ. ಇವರು ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ, ನುಡಿಸುತ್ತಾ ಹೋದರು. ಎರಡನೆಯ ಚರಣಕ್ಕೆ ಹುಡುಗಿಯರು ಹಾಡುವುದನ್ನೇ ಬಿಟ್ಟರು, ನಾನು ಬಿಡಲಿಲ್ಲ. ಕೊನೆಯ ಚರಣದವರೆಗೂ ಒಬ್ಬಳೇ ಹಾಡಿದೆ.

ಜಾಲ್ಸೂರಿಗೆ ಹೋಗುವ ಅವಸರ ಏನಿತ್ತು ಫ್ಲೋಸಿಗೆ? ಇನ್ನೊಂದು ಆದಿತ್ಯವಾರ ನಿಂತು, ಕೇಳಿಕೊಂಡು ಹೋಗಬಹುದಿತ್ತು.